ಅಣ್ಣನ ಮಿದುಳು, ತಮ್ಮನ ಬೆಲೆ

ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅದೇ 1854ರಲ್ಲಿ ಮುಂಬಯಿಯ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ನಮ್ಮ ದೇಶದಲ್ಲಿ ಇಂಥ ಸಂಘ ಅದೇ ಮೊದಲು. ಹೀಗೆ ರೈಲು ಮತ್ತು ಕ್ಯಾಮೆರಾ ಈ ಸೀಮೆಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಆ ರೈಲಿನ ದಾರಿಯಲ್ಲೇ ಮುಂದೆ ನಮ್ಮವರೂ ಬಂದರು. ಹೋಟೆಲಿಗೆ, ಬ್ಯಾಂಕಿಗೆ, ಕಾರ್ಖಾನೆಗೆ, ಈಗ ಐಟಿ ಕಂಪನಿಗಳಿಗೆ ಎಂದು ಬಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಮನೆ ಮಾಡಿದರು.

ಈ ನಾಲ್ಕೂರುಗಳ ನಮ್ಮ ಗೆಳೆಯರ ನಡುವೆ ಕ್ಯಾಮೆರಾದ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಕಂಪನಿಯ ಅತ್ಯುನ್ನತ ಬಾಡಿಯನ್ನೇ ಕೊಳ್ಳಬೇಕೇ, ಇಲ್ಲ ಅದರ ಒಂದು ಮೆಟ್ಟಿಲು ಕೆಳಗಿನದು ಸಾಕೇ? ಮೊದಲನೆಯದನ್ನು ಮಾರುಕಟ್ಟೆಯವರು ಫ್ಲ್ಯಾಗ್‌ಶಿಪ್ ಎನ್ನುತ್ತಾರೆ. ಎರಡನೆಯದಕ್ಕೆ ಸರಿಯಾದ ಹೆಸರಿಲ್ಲ. ನಾನು ಅವೆರಡನ್ನೂ ಅಣ್ಣ, ತಮ್ಮ ಎಂದು ಕರೆಯುತ್ತೇನೆ. ಬೋನಸ್ ಬಂದ ಐಟಿಯವನಿಗೆ ಇದು ಆಸೆಯ ಪ್ರಶ್ನೆ. ಮದುವೆ ಫೋಟೋ ತೆಗೆದು ಬದುಕುವವನಿಗೆ ಎರಡು ವರ್ಷದ ಕಂತಿನ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಎರಡು ಕ್ಯಾಮೆರಾಗಳ ಗುಣಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಪಟ್ಟಿ ಇಂದಿನದನ್ನು ಮಾತ್ರ ಹೇಳುತ್ತದೆ. ಪ್ರಾಜೆಕ್ಟ್ ನಡೆಸುವ ಕೆಲಸದಲ್ಲಿರುವ ನನಗೆ ಒಂದು ರಿಲೀಸ್ ನೋಡಿದರೆ ಸಮಾಧಾನವಿಲ್ಲ, ಹಿಂದಿನ ಹತ್ತು ರಿಲೀಸುಗಳನ್ನು ನೋಡಬೇಕು. ಹಾಗೆ ನೋಡಿದರೆ ಅಣ್ಣ-ತಮ್ಮಂದಿರ ಈ ಕತೆಗೆ ಅರವತ್ತು ವರ್ಷಗಳ ಇತಿಹಾಸವಿದೆ, ಅದರಲ್ಲೊಂದು ಸ್ಪಷ್ಟವಾದ ಜಾಡಿದೆ. ನಿಕಾನ್ ಕಂಪನಿಯ ಸಾಲು ಮೊದಲಿನಿಂದ ಕಡಿಯದೆ ಬಂದಿರುವುದರಿಂದ ಮುಖ್ಯವಾಗಿ ಅದನ್ನೇ ಹಿಡಿದು ಹೋಗುತ್ತೇನೆ. ಬೇಕಾದಲ್ಲಿ ಕ್ಯಾನನ್, ಸೋನಿ ಬರುತ್ತವೆ.

1959

1959ರ ಜನವರಿಯಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ತೆರೆಕಂಡಿತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದವರು, ನಮ್ಮ ಹಾಗೆಯೇ ವಲಸೆಗಾರರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಆ ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಬರುವ ಬೆಳಕಿನ ಕೋಲು ಇಂದಿಗೂ ಮಾತಿಗೆ ಬರುತ್ತದೆ. ಆ ಬೆಳಕು ದುಬಾರಿ ದೀಪದಿಂದ ಬಂದದ್ದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮೂರ್ತಿಯವರು ಅದನ್ನು ಸಾಧಿಸಿದರು. ಸಿನೆಮಾಸ್ಕೋಪ್ ಎಂಬ ಅತಿ ದುಬಾರಿ ಸಲಕರಣೆ ಮತ್ತು ಕನ್ನಡಿ ಎಂಬ ಅಗ್ಗದ ಉಪಾಯ ಒಂದೇ ಚಿತ್ರದಲ್ಲಿದ್ದವು. ಜನ ನೆನಪಿಟ್ಟುಕೊಂಡದ್ದು ಕನ್ನಡಿಯನ್ನು.

ಅದೇ ವರ್ಷ ಜಪಾನಿನಲ್ಲಿ ನಿಕಾನ್ ಎಫ್ ಬಂತು. ಅದರ ವ್ಯೂಫೈಂಡರ್ ಕಳಚಿ ಬೇರೆಯದನ್ನು ಹಾಕಬಹುದಿತ್ತು. ಫೋಕಸಿಂಗ್ ಗಾಜನ್ನು ಬದಲಿಸಬಹುದಿತ್ತು. ರೀಲನ್ನು ತಾನೇ ಎಳೆಯುವ ಮೋಟಾರನ್ನು ಜೋಡಿಸಬಹುದಿತ್ತು. ಪತ್ರಿಕಾ ಛಾಯಾಗ್ರಾಹಕರು ಅದನ್ನು ಯುದ್ಧಭೂಮಿಗೆ ಒಯ್ದರು. ಕಾಂಬೋಡಿಯಾದಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರತ್ತ ಬಂದ ಗುಂಡು ಅವರ ನಿಕಾನ್ ಎಫ್‌ಗೆ ಬಡಿದು ನಿಂತದ್ದು ಈಗ ದಂತಕತೆಯಂತಾಗಿದೆ. ‘ವೃತ್ತಿಪರ ಬಾಡಿ’ ಎಂದರೆ ಉಕ್ಕಿನ ಗಟ್ಟಿತನ ಎಂಬ ಕಲ್ಪನೆ ಬೇರೂರಿದ್ದು ಇಂಥ ಕತೆಗಳಿಂದ. ಅಣ್ಣ ಹುಟ್ಟಿದ್ದು ಹೀಗೆ.

ತಮ್ಮ ಹುಟ್ಟಿದ

ಆರು ವರ್ಷಗಳ ನಂತರ, 1965ರಲ್ಲಿ, ಅದೇ ಕಂಪನಿ ನಿಕಾರ್ಮ್ಯಾಟ್ ಎಫ್‌ಟಿ ಎಂಬ ಬಾಡಿಯನ್ನು ಹೊರತಂದಿತು. ಅಣ್ಣನ ಲೆನ್ಸುಗಳೆಲ್ಲ ಇದಕ್ಕೂ ಹೊಂದುತ್ತಿದ್ದವು, ಬೆಲೆ ಕಡಿಮೆ. ವ್ಯೂಫೈಂಡರ್ ಕಳಚಲು ಬರುತ್ತಿರಲಿಲ್ಲ, ಮೋಟಾರು ಹಾಕಲು ಬರುತ್ತಿರಲಿಲ್ಲ. ಹವ್ಯಾಸಿಗಳಿಗೆ ಎಂದೇ ಮಾಡಿದ್ದು.

ಆದರೆ ಎರಡು ವಿಷಯಗಳಲ್ಲಿ ತಮ್ಮ ಅಣ್ಣನನ್ನು ಮೀರಿಸಿದ್ದ. ಬೆಳಕು ಅಳೆಯುವ ಮೀಟರು ಇವನ ಮೈಯೊಳಗೇ ಇತ್ತು. ಅಣ್ಣನಿಗೆ ಅದಕ್ಕಾಗಿ ತಲೆಯ ಮೇಲೆ ಭಾರವಾದ ಬೇರೊಂದು ವ್ಯೂಫೈಂಡರ್ ಹೊರಿಸಬೇಕಿತ್ತು. ಫ್ಲ್ಯಾಶ್ ಜೊತೆಗೆ ಅಣ್ಣ ಸೆಕೆಂಡಿನ 60ನೇ ಒಂದು ಭಾಗದ ವೇಗದಲ್ಲಿ ಕೆಲಸ ಮಾಡಿದರೆ ತಮ್ಮ 125ನೇ ಒಂದು ಭಾಗದಲ್ಲಿ ಮಾಡುತ್ತಿದ್ದ. ಕಾರಣ ಶಟರಿನ ರಚನೆ. ಅಣ್ಣನ ಪರದೆ 36 ಮಿಲಿಮೀಟರ್ ಅಡ್ಡಕ್ಕೆ ಓಡಬೇಕು, ತಮ್ಮನ ಲೋಹದ ಪರದೆ 24 ಮಿಲಿಮೀಟರ್ ಉದ್ದಕ್ಕೆ ಇಳಿದರೆ ಸಾಕು. ದಾರಿ ಕಡಿಮೆ, ಸಮಯವೂ ಕಡಿಮೆ. ಹೊಸ ತಂತ್ರ ಯಾವಾಗಲೂ ಮೊದಲು ಅಣ್ಣನಿಗೇ ಸಿಗುತ್ತದೆ ಎಂಬ ನಂಬಿಕೆ ಮೊದಲ ತಮ್ಮನ ಕಾಲಕ್ಕೇ ಸುಳ್ಳಾಗಿತ್ತು.

ಮುಂದಿನ ಜೋಡಿಯಲ್ಲಿ ಇದು ಇನ್ನೂ ಸ್ಪಷ್ಟ. 1980ರಲ್ಲಿ ಅಣ್ಣನಾಗಿ ನಿಕಾನ್ ಎಫ್3 ಬಂತು. ಅದರ ಗರಿಷ್ಠ ಶಟರ್ ವೇಗ 2000ನೇ ಒಂದು ಭಾಗ, ಫ್ಲ್ಯಾಶ್ ಜೊತೆ 80ನೇ ಒಂದು ಭಾಗ. ಎರಡು ವರ್ಷದ ಬಳಿಕ ಬಂದ ಎಫ್ಎಂ2 ಎಂಬ ತಮ್ಮ 4000ನೇ ಒಂದು ಭಾಗ ಮತ್ತು 200ನೇ ಒಂದು ಭಾಗ ಮುಟ್ಟಿದ. ಅಷ್ಟೇ ಅಲ್ಲ, ಎಫ್3ಗೆ ಬ್ಯಾಟರಿ ಸತ್ತರೆ ಒಂದೇ ಒಂದು ವೇಗ ಉಳಿಯುತ್ತಿತ್ತು. ಎಫ್ಎಂ2ಗೆ ಬ್ಯಾಟರಿ ಬೇಕಾದದ್ದು ಮೀಟರಿಗೆ ಮಾತ್ರ, ಶಟರು ಪೂರ್ತಿ ಸ್ಪ್ರಿಂಗು-ಹಲ್ಲುಗಳ ಮೇಲೆ ನಡೆಯುತ್ತಿತ್ತು. ಹೀಗಾಗಿ ವೃತ್ತಿಪರರೇ ಎಫ್ಎಂ2ವನ್ನು ಚೀಲದಲ್ಲಿ ಜೊತೆಗೆ ಇಟ್ಟುಕೊಂಡರು. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ, ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ ಈ ತಮ್ಮನಿಂದ ಬಂದದ್ದು. ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟದಲ್ಲಿ ಅದನ್ನು ನೋಡಿದವರಾರೂ ಬಾಡಿ ಯಾವುದೆಂದು ಕೇಳಲಿಲ್ಲ.

ನಮ್ಮಲ್ಲಿ ಆಗ ಇಂಥ ಆಯ್ಕೆಯೇ ಇರಲಿಲ್ಲವೆನ್ನಿ. 1991ರ ಉದಾರೀಕರಣಕ್ಕೆ ಮೊದಲು ಕ್ಯಾಮೆರಾ ಆಮದಿಗೆ ಬಿಗಿ ಪರವಾನಗಿ, ಭಾರಿ ಸುಂಕ. ಸಾಮಾನ್ಯ ಮನೆಗೆ ಸಿಗುತ್ತಿದ್ದದ್ದು ಇಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಕಪ್ಪುಬಿಳುಪು ‘ಇಂದು’ ರೀಲು. ಒಳ್ಳೆಯ ಬಾಡಿ ಬೇಕಾದವರು ಕೊಲ್ಲಿಯಿಂದ ಬರುವ ನೆಂಟರಿಗೆ ಹೇಳಿ ಕಳಿಸಬೇಕಿತ್ತು. ಇಲ್ಲವೇ ವಿಟಿ ಸ್ಟೇಷನ್ನಿನಲ್ಲಿಳಿದು ಫೋರ್ಟಿನ ಬೋರಾ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಹಳೆಯದನ್ನು ಹುಡುಕಬೇಕಿತ್ತು. ಸಿಕ್ಕಿದ್ದೇ ಶಿವಾ ಎಂದು ಕೊಳ್ಳುತ್ತಿದ್ದ ಕಾಲ. ಆ ಕಾಲದಲ್ಲೇ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅಂಥವರು ರೀಲಿನಲ್ಲಿ ಹಕ್ಕಿಗಳನ್ನು ಹಿಡಿದರು ಎಂಬುದನ್ನು ಮರೆಯಬಾರದು. 36 ಚಿತ್ರ ಮುಗಿದರೆ ಮುಗಿಯಿತು. ಅವರು ಖರ್ಚು ಮಾಡಿದ್ದು ಮುಖ್ಯವಾಗಿ ಸಮಯವನ್ನು, ಮರೆಯಲ್ಲಿ ಕುಳಿತು ಕಾದ ಗಂಟೆಗಳನ್ನು.

ಡಿಜಿಟಲ್ ತಂದ ಕಂದಕ

ರೀಲಿನ ಕಾಲದಲ್ಲಿ ಅಣ್ಣನ ಚಿತ್ರಕ್ಕೂ ತಮ್ಮನ ಚಿತ್ರಕ್ಕೂ ಗುಣದಲ್ಲಿ ವ್ಯತ್ಯಾಸವಿರಲಿಲ್ಲ, ಯಾಕೆಂದರೆ ಎರಡರ ಒಳಗೂ ಒಂದೇ ರೀಲು. ಬಾಡಿ ಎಂದರೆ ಬೆಳಕು ಸೋರದ ಪೆಟ್ಟಿಗೆ ಮತ್ತು ಶಟರು. ಡಿಜಿಟಲ್ ಬಂದಾಗ ಈ ಸಮಾನತೆ ಹೋಯಿತು. ರೀಲಿನ ಜಾಗದಲ್ಲಿ ಸೆನ್ಸರು ಬಂತು, ಅದು ಬಾಡಿಗೆ ಅಂಟಿಕೊಂಡೇ ಬಂತು. ದುಡ್ಡಿದ್ದವನ ಚಿತ್ರ ಬೇರೆ, ಇಲ್ಲದವನ ಚಿತ್ರ ಬೇರೆ ಎಂಬ ಸ್ಥಿತಿ ಮೊದಲ ಬಾರಿ ಬಂತು.

1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3ರ ಬೆನ್ನಿಗೆ ಸೆನ್ಸರು ಕಟ್ಟಿ ಡಿಸಿಎಸ್ ಎಂಬ ಕ್ಯಾಮೆರಾ ಮಾಡಿತು. 1.3 ಮೆಗಾಪಿಕ್ಸೆಲ್. ಚಿತ್ರ ಕೂಡಿಡುವ ಡಿಸ್ಕಿನ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಳ್ಳಬೇಕಿತ್ತು. ಬೆಲೆ 20 ಸಾವಿರ ಡಾಲರಿಗಿಂತ ಮೇಲೆ. 1999ರಲ್ಲಿ ನಿಕಾನ್ ಡಿ1 ಬಂದಾಗ ಬೆಲೆ ಐದಾರು ಸಾವಿರ ಡಾಲರಿಗೆ ಇಳಿಯಿತು, ಮೆಗಾಪಿಕ್ಸೆಲ್ 2.7ಕ್ಕೆ ಏರಿತು. 2002ರಲ್ಲಿ ಕ್ಯಾನನ್ 1ಡಿಎಸ್, ರೀಲಿನಷ್ಟೇ ದೊಡ್ಡ ಸೆನ್ಸರಿನೊಂದಿಗೆ, 11 ಮೆಗಾಪಿಕ್ಸೆಲ್, 7,999 ಡಾಲರಿಗೆ ಬಂತು.

ಇಷ್ಟೊಂದು ಬೆಲೆ ಯಾಕೆ? ಸೆನ್ಸರನ್ನು ಸಿಲಿಕಾನಿನ ದುಂಡು ಬಿಲ್ಲೆಯಿಂದ ಕತ್ತರಿಸಿ ತೆಗೆಯುತ್ತಾರೆ. 8 ಇಂಚಿನ ಒಂದು ಬಿಲ್ಲೆಯಿಂದ 36×24 ಮಿಲಿಮೀಟರಿನ ದೊಡ್ಡ ಸೆನ್ಸರುಗಳು ಸುಮಾರು 20 ಮಾತ್ರ ಸಿಗುತ್ತಿದ್ದವು. ಚಪಾತಿ ಹಿಟ್ಟಿನಿಂದ ಶಂಕರಪಾಳೆ ಕತ್ತರಿಸಿದ ಹಾಗೆ, ತುಂಡು ದೊಡ್ಡದಾದಷ್ಟೂ ಅಂಚು ಹೆಚ್ಚು ವ್ಯರ್ಥ. ಬಿಲ್ಲೆಯ ಮೇಲೆ ಒಂದು ಕಲೆಯಿದ್ದರೆ ದೊಡ್ಡ ತುಂಡು ಪೂರ್ತಿ ಹಾಳು. ಆದರೆ ಕಾರ್ಖಾನೆ ಒಮ್ಮೆ ಪಳಗಿ, ವಿನ್ಯಾಸದ ಖರ್ಚು ಅಣ್ಣನ ಮಾರಾಟದಿಂದ ಹಿಂತಿರುಗಿದ ಮೇಲೆ ಅದೇ ಸೆನ್ಸರನ್ನು ಇನ್ನಷ್ಟು ಮಾಡುವುದು ಅಗ್ಗ. ಸಾಫ್ಟ್‌ವೇರಿನವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಮೊದಲ ಗಿರಾಕಿ ಕಟ್ಟಿದ ದುಡ್ಡಿನಲ್ಲಿ ಬರೆದ ಕೋಡನ್ನು ಎರಡನೆಯವನಿಗೆ ಕಡಿಮೆಗೆ ಕೊಡಬಹುದು.

ಹಾಗೆಯೇ ಆಯಿತು. 2005ರಲ್ಲಿ ಕ್ಯಾನನ್ 5ಡಿ, ದೊಡ್ಡ ಸೆನ್ಸರಿನೊಂದಿಗೆ, 3,299 ಡಾಲರಿಗೆ ಬಂತು. 2007ರಲ್ಲಿ ನಿಕಾನ್ ಡಿ3, ಬೆಲೆ 4,999 ಡಾಲರ್. ಮರುವರ್ಷವೇ ಡಿ700, ಅದೇ 12 ಮೆಗಾಪಿಕ್ಸೆಲ್ ಸೆನ್ಸರು, 2,999 ಡಾಲರ್. 2008ರಲ್ಲೇ ಬಂದ ಕ್ಯಾನನ್ 5ಡಿ ಮಾರ್ಕ್ 2, ತನಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬೆಲೆಯ ಅಣ್ಣನಷ್ಟೇ ಮೆಗಾಪಿಕ್ಸೆಲ್ ಕೊಟ್ಟಿತು. ಅಣ್ಣನಿಗೆ ಬಾರದ ಫುಲ್ ಎಚ್‌ಡಿ ವಿಡಿಯೋವನ್ನೂ ಕೊಟ್ಟಿತು. ಅಮೆರಿಕದ ‘ಹೌಸ್’ ಧಾರಾವಾಹಿಯ 2010ರ ಒಂದು ಕಂತನ್ನು ಆ ತಮ್ಮನಲ್ಲೇ ಚಿತ್ರೀಕರಿಸಿದರು. ಇಂದು ನಮ್ಮ ಮದುವೆಗಳಲ್ಲಿ ಕಾಣುವ ಸಿನೆಮಾ ಥರದ ವಿಡಿಯೋದ ಮೂಲಪುರುಷ ಅವನೇ.

ಈ ಜಾಡು ಯಾವಾಗಲೂ ಒಂದೇ ಸಮ ಇರಲಿಲ್ಲ ಎಂಬುದನ್ನೂ ಹೇಳಬೇಕು. 2012ರಲ್ಲಿ ನಿಕಾನ್ ದಾರಿ ಬದಲಿಸಿತು. ಅಣ್ಣ ಡಿ4ಗೆ 16 ಮೆಗಾಪಿಕ್ಸೆಲ್, ತಮ್ಮ ಡಿ800ಗೆ 36. ಅಣ್ಣ ಓಟಗಾರ, ತಮ್ಮ ಕುಸುರಿಗಾರ. ಡಿ700ಗೆ ನೇರ ಉತ್ತರಾಧಿಕಾರಿಯೇ ಇಲ್ಲವಾಯಿತು. ಕಾದವರು ವರ್ಷಗಟ್ಟಲೆ ಕಾದರು. 2016ರಲ್ಲಿ ಡಿ5 ಮತ್ತು ಡಿ500 ಒಂದೇ ದಿನ ಬಂದವು. ಫೋಕಸಿನ 153 ಬಿಂದುಗಳ ವ್ಯವಸ್ಥೆ ಎರಡಕ್ಕೂ ಒಂದೇ. ಬೆಲೆ ಒಂದಕ್ಕೆ 6,499 ಡಾಲರ್, ಇನ್ನೊಂದಕ್ಕೆ 1,999. ಆದರೆ ತಮ್ಮನ ಸೆನ್ಸರು ಚಿಕ್ಕದು. ಹಕ್ಕಿ ಹಿಡಿಯುವವರಿಗೆ ಅದೇ ವರವಾಯಿತು. ಕತ್ತಲ ಸಭಾಂಗಣದಲ್ಲಿ ಕೆಲಸ ಮಾಡುವವರಿಗೆ ಆಗಲಿಲ್ಲ.

ಕೊನೆಯ ಅಧ್ಯಾಯ ಕನ್ನಡಿ ಇಲ್ಲದ ಕ್ಯಾಮೆರಾಗಳದು. 2017ರಲ್ಲಿ ಸೋನಿ ಎ9, ಪದರಪದರವಾಗಿ ಕಟ್ಟಿದ ವೇಗದ ಸೆನ್ಸರನ್ನು ದೊಡ್ಡ ಗಾತ್ರದಲ್ಲಿ ಮೊದಲು ತಂದಿತು. 2021ರ ಕೊನೆಗೆ ನಿಕಾನ್ ಝಡ್9, 5,499 ಡಾಲರಿಗೆ. ಅದರಲ್ಲಿ ಯಾಂತ್ರಿಕ ಶಟರೇ ಇಲ್ಲ; ಸೆನ್ಸರು ಅಷ್ಟು ಬೇಗ ಓದಿ ಮುಗಿಸುತ್ತದೆ. 2023ರ ಮೇ ತಿಂಗಳಲ್ಲಿ ಝಡ್8, ಅದೇ 45.7 ಮೆಗಾಪಿಕ್ಸೆಲ್ ಸೆನ್ಸರು, ಅದೇ ಪ್ರೊಸೆಸರು, 3,999 ಡಾಲರ್. 1965ರ ಕತೆ ಹೊಸ ಬಟ್ಟೆ ತೊಟ್ಟು ಮತ್ತೆ ಬಂದಿತ್ತು. ಅಣ್ಣನ ಮಿದುಳು ಹದಿನೆಂಟು ತಿಂಗಳು ಕಳೆಯುವಷ್ಟರಲ್ಲಿ ತಮ್ಮನ ಮೈಗೆ ಇಳಿದಿತ್ತು.

ಕೆಳಗಿಳಿಯದೆ ಉಳಿಯುವುದೇನು?

ಅರವತ್ತು ವರ್ಷಗಳ ಸಾಲು ನೋಡಿದರೆ ಚಿತ್ರದ ಗುಣ, ಫೋಕಸು, ವೇಗ ಇವು ಬೇಗ ತಮ್ಮನಿಗೆ ಸಿಗುತ್ತವೆ. ಕೆಲವೊಮ್ಮೆ ಮೊದಲೇ ಸಿಗುತ್ತವೆ. ಕ್ಯಾನನ್‌ನ 45 ಬಿಂದುಗಳ ಫೋಕಸು 1998ರಲ್ಲಿ ಇಒಎಸ್-3 ಎಂಬ ತಮ್ಮನಿಗೆ ಬಂದು, 2000ದಲ್ಲಿ ಅಣ್ಣ 1ವಿ ಅದನ್ನು ಪಡೆದ. ಕಂಪನಿಗಳು ತಮ್ಮನ ಮೇಲೆ ಪ್ರಯೋಗ ಮಾಡಿ ನೋಡುತ್ತವೆ. ಕೆಟ್ಟರೆ ಮಾನ ಹೋಗುವುದು ಕಡಿಮೆ.

ಅಣ್ಣನ ಬಳಿಯೇ ಉಳಿಯುವುದು ಬೇರೆ. ದೊಡ್ಡ ಬ್ಯಾಟರಿ ಒಂದು. ಝಡ್8 ಒಂದು ಚಾರ್ಜಿನಲ್ಲಿ ಅಣ್ಣನ ಸುಮಾರು ಅರ್ಧದಷ್ಟೇ ದೂರ ಹೋಗುತ್ತದೆ. ಲಂಬವಾಗಿ ಹಿಡಿಯುವ ಎರಡನೇ ಹಿಡಿಕೆ, ಸ್ಟೇಡಿಯಮ್ಮಿನಿಂದ ನೇರ ಪತ್ರಿಕಾ ಕಚೇರಿಗೆ ಚಿತ್ರ ಕಳಿಸುವ ಈಥರ್ನೆಟ್ ಕಿಂಡಿ, ಒಂದೇ ಬಗೆಯ ಎರಡು ವೇಗದ ಕಾರ್ಡುಗಳ ಜಾಗ ಇವು ಇನ್ನುಳಿದವು. ಇವುಗಳಲ್ಲಿ ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ. ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತವೆ ಅಷ್ಟೇ. ಒಲಿಂಪಿಕ್ಸಿನಲ್ಲಿ ಕುಳಿತ ಏಜೆನ್ಸಿಯವರಿಗೆ ‘ಅಷ್ಟೇ’ ಎಂಬುದೇ ಎಲ್ಲ.

ಬಾಳಿಕೆ ಎಂಬ ಹಳೆಯ ವಾದ ಈಗ ಎಷ್ಟು ನಿಲ್ಲುತ್ತದೆ ನೋಡಿ. ಡಿ3ರ ಶಟರನ್ನು 3 ಲಕ್ಷ ಹೊಡೆತಕ್ಕೆ, ಡಿ700ರದನ್ನು 1.5 ಲಕ್ಷಕ್ಕೆ ಪರೀಕ್ಷಿಸಿದ್ದರು. ಒಂದು ಮದುವೆಗೆ 2 ಸಾವಿರ ಚಿತ್ರ, ವರ್ಷಕ್ಕೆ 40 ಮದುವೆ ಎಂದುಕೊಂಡರೆ 80 ಸಾವಿರ. ತಮ್ಮ ಎರಡು ವರ್ಷಕ್ಕೆ ಸುಸ್ತು, ಅಣ್ಣ ನಾಲ್ಕು ವರ್ಷಕ್ಕೆ ಹತ್ತಿರ. ಅಂದು ವೃತ್ತಿಪರನಿಗೆ ಅಣ್ಣನೇ ಸರಿ ಎನ್ನಲು ಇದು ಗಟ್ಟಿ ಕಾರಣವಾಗಿತ್ತು. ಝಡ್9, ಝಡ್8 ಎರಡರಲ್ಲೂ ಸವೆಯಲು ಶಟರೇ ಇಲ್ಲ. ಆ ಕಾರಣ ಇಲ್ಲಿ ತಾನಾಗಿ ಬಿದ್ದುಹೋಗಿದೆ.

ಕಂತಿಗೆ ಚಾತುರ್ಮಾಸವಿಲ್ಲ

ಈಗ ನಮ್ಮೂರಿಗೆ ಬರೋಣ. ಕಲ್ಯಾಣದ ಒಬ್ಬ ಹುಡುಗ ನನಗೆ ಪರಿಚಯ. ಕುಂದಾಪುರದ ಕಡೆಯ ಕುಟುಂಬ, ತಂದೆ ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಾರೆ. ಹುಡುಗ ಬಿ.ಕಾಂ. ಮುಗಿಸಿ ಮದುವೆ, ಮುಂಜಿ, ಸಂಘದ ಕಾರ್ಯಕ್ರಮಗಳ ಫೋಟೋ ತೆಗೆಯುತ್ತಾನೆ. ಅಣ್ಣನನ್ನೇ ಕೊಳ್ಳಬೇಕೆಂದು ಅವನ ಹಟ. ಕಾರಣ ಕೇಳಿದರೆ, “ಅಣ್ಣ, ಕೈಯಲ್ಲಿ ದೊಡ್ಡ ಬಾಡಿ ಇದ್ರೆ ಪಾರ್ಟಿ ನಂಬ್ತಾರೆ. ಈಗ ಮದುವೆಗೆ ಬಂದ ನೆಂಟರ ಕೈಯಲ್ಲೂ ಒಳ್ಳೇ ಕ್ಯಾಮೆರಾ ಇರತ್ತೆ. ನಾನು ಅವರಿಗಿಂತ ಚಿಕ್ಕದು ಹಿಡ್ಕೊಂಡು ನಿಂತ್ರೆ ರೇಟು ಕೇಳೋದು ಹೇಗೆ?” ಎಂದ. ತಂದೆಯದು ಒಂದೇ ಮಾತು: “ಕಂತ್ ಕಟ್ಟುದ್ ಯಾರ್ ಮಾರಾಯಾ?”

ಹುಡುಗನ ಮಾತನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಬಾಡಿ ಒಂದು ಬೋರ್ಡು, ಅಂಗಡಿಯ ಮುಂದಿನ ಬೋರ್ಡಿನ ಹಾಗೆ. ಜಗತ್ತಿನಲ್ಲಿ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಟಿದ್ದವು; 2023ರಲ್ಲಿ ಅದು 80 ಲಕ್ಷವನ್ನೂ ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ಫೋನು ನುಂಗಿತು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ, ಇದು ನನ್ನ ವೃತ್ತಿ ಎಂದು ತೋರಿಸಿಕೊಳ್ಳುವ ಗುರುತು ಬೇಕೆನಿಸುವುದು ಸಹಜ.

ಆದರೂ ಲೆಕ್ಕ ಮಾಡಬೇಕು. ಭಾರತದಲ್ಲಿ ಬಿಡುಗಡೆಯಾದಾಗ ಝಡ್9ರ ಬೆಲೆ ಸುಮಾರು 4.76 ಲಕ್ಷ, ಝಡ್8ರದು ಸುಮಾರು 3.44 ಲಕ್ಷ. ಶೇ. 14 ಬಡ್ಡಿಯಲ್ಲಿ 24 ತಿಂಗಳಿಗೆ ಸಾಲ ತೆಗೆದರೆ ಅಣ್ಣನ ಕಂತು ತಿಂಗಳಿಗೆ ಸುಮಾರು 22,850, ತಮ್ಮನದು ಸುಮಾರು 16,500. ಈ ಸೀಮೆಯಲ್ಲಿ ತುಳಸಿ ಮದುವೆಯ ನಂತರ ಮುಹೂರ್ತಗಳು ಶುರುವಾಗಿ ಆಷಾಢಕ್ಕೆ ನಿಲ್ಲುತ್ತವೆ. ಮದುವೆಗೆ ಚಾತುರ್ಮಾಸವುಂಟು, ಕಂತಿಗಿಲ್ಲ. ಆ ನಾಲ್ಕು ತಿಂಗಳಿಗೆ ಅಣ್ಣನಿಗಾಗಿ 91 ಸಾವಿರಕ್ಕೂ ಹೆಚ್ಚು ಕೈಯಲ್ಲಿ ಹಿಡಿದಿರಬೇಕು.

ತೆರಿಗೆಯ ಮಾತೂ ಇದೆ. ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. 4.76 ಲಕ್ಷದಲ್ಲಿ ಸುಮಾರು 72 ಸಾವಿರ ತೆರಿಗೆ. ಜಿಎಸ್‌ಟಿ ನೋಂದಣಿ ಮಾಡಿಸಿ ನವಿಮುಂಬಯಿಯ ಕಂಪನಿಗಳಿಗೆ ಬಿಲ್ಲು ಕೊಟ್ಟು ಕೆಲಸ ಮಾಡುವವನು ಅದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ನೋಂದಣಿ ಇಲ್ಲದ ಹುಡುಗನಿಗೆ ಅದು ಹೋದ ದುಡ್ಡು. ಒಂದೇ ಬಾಡಿ ಇಬ್ಬರಿಗೆ ಎರಡು ಬೆಲೆ. ಗುಣಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಎಪ್ಪತ್ತು-ಎಂಬತ್ತರ ದಶಕದ ಪತ್ರಿಕಾ ಛಾಯಾಗ್ರಾಹಕರಿಂದ ಕಲಿಯಬೇಕಾದದ್ದು. ಅವರ ಕೊರಳಲ್ಲಿ ಎರಡು ಬಾಡಿ ಇರುತ್ತಿತ್ತು. ಧಾರೆ ಎರೆಯುವ ಕ್ಷಣ ಮತ್ತೆ ಬರುವುದಿಲ್ಲ. ಕೈಯಲ್ಲಿದ್ದ ಒಂದೇ ಅಣ್ಣ ಆಗ ಕಣ್ಣು ಮುಚ್ಚಿದರೆ ಅವನ ಗಟ್ಟಿತನದ ಪುರಾಣ ಯಾರಿಗೆ ಬೇಕು? ಕೆಡದ ಒಂದು ಬಾಡಿಗಿಂತ ಕೆಡಬಹುದಾದ ಎರಡು ಬಾಡಿ ಸುರಕ್ಷಿತ. ನಮ್ಮ ಸರ್ವರ್ ಕೋಣೆಗಳು ನಿಂತಿರುವುದೂ ಇದೇ ತತ್ವದ ಮೇಲೆ. ಹುಡುಗ ಕೊನೆಗೆ ತಮ್ಮನನ್ನು ಕೊಂಡ, ಹಳೆಯ ಬಾಡಿಯನ್ನು ಮಾರದೆ ಇಟ್ಟುಕೊಂಡ. ಉಳಿದ 1.32 ಲಕ್ಷದ ಸಾಲವನ್ನು ತೆಗೆಯಲೇ ಇಲ್ಲ. ದರ ಕೇಳುವಾಗ ಈಗ ಆಲ್ಬಮ್ ತೋರಿಸುತ್ತಾನೆ.

ರಂಗಸ್ಥಳ ಮತ್ತು ಖಾಡಿ

ಎಲ್ಲರ ಅಗತ್ಯ ಒಂದಲ್ಲ. ಮಳೆಗಾಲದಲ್ಲಿ ಊರಿನ ಬಯಲಾಟ ನಿಂತಾಗ ಮೇಳಗಳು ಮುಂಬಯಿಗೆ ಬರುತ್ತವೆ. ಡೊಂಬಿವಲಿ, ಥಾಣೆಯ ಸಭಾಂಗಣಗಳಲ್ಲಿ ಆಟ ನಡೆಯುತ್ತದೆ. ಧೀಂಗಿಣ ಹಾಕುವ ವೇಷವನ್ನು ನಿಲ್ಲಿಸಿ ಹಿಡಿಯಲು 500ನೇ ಒಂದು ಭಾಗದ ವೇಗವಾದರೂ ಬೇಕು, ಬೆಳಕೋ ಕಡಿಮೆ. ಸೆನ್ಸರಿನ ಸಂವೇದನೆಯನ್ನು 6400ಕ್ಕೆ ಏರಿಸಬೇಕಾಗುತ್ತದೆ. ರೀಲಿನ ಕಾಲದಲ್ಲಿ 400ರ ರೀಲನ್ನು ತೊಳೆಯುವಾಗ ಎಳೆದು 1600 ಮಾಡಿದರೆ ಕಿರೀಟದ ಮಿಂಚೆಲ್ಲ ಮರಳುಮರಳಾಗುತ್ತಿತ್ತು. ಡಿ3, ಡಿ700ಗಳ ಸೆನ್ಸರು ಈ ಕಲೆಯ ದಾಖಲೆಗೆ ಮಾಡಿದ ಉಪಕಾರ ದೊಡ್ಡದು.

ಈಗಿನ ತೊಂದರೆ ಬೇರೆ. ಸಭಾಂಗಣದ ಅಗ್ಗದ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುವಾಗ ಈ ಮಿಣುಕು ಚಿತ್ರದ ಮೇಲೆ ಅಡ್ಡ ಪಟ್ಟೆಗಳಾಗಿ ಬೀಳುತ್ತದೆ. ಓದುವುದು ನಿಧಾನವಾದಷ್ಟೂ ಪಟ್ಟೆ ಹೆಚ್ಚು. ಸುಮಾರು 270ನೇ ಒಂದು ಭಾಗದಲ್ಲಿ ಓದಿ ಮುಗಿಸುವ ಝಡ್9ರ ಸೆನ್ಸರು ಇಲ್ಲಿ ನಿಜವಾಗಿ ನೆರವಾಗುತ್ತದೆ. ತಮ್ಮನಲ್ಲಿರುವುದೂ ಅದೇ ಸೆನ್ಸರು. ಇನ್ನೂ ಅಗ್ಗದ ಬಾಡಿಯವರು ಯಾಂತ್ರಿಕ ಶಟರು ಬಳಸಿದರೆ ಪಟ್ಟೆಯ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ, ಸದ್ದನ್ನು ಚೆಂಡೆ ಮುಚ್ಚಿಹಾಕುತ್ತದೆ.

ಖಾಡಿಯ ಕಡೆ ಹೋಗಿ. ಥಾಣೆ ಖಾಡಿಯನ್ನು 2015ರಲ್ಲಿ ರಾಜಹಂಸಗಳ ಅಭಯಧಾಮವೆಂದು ಘೋಷಿಸಿದರು, 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಿಂದ ಮೇ ತನಕ ಐರೋಲಿ, ನೆರೂಲ್, ಶಿವಡಿಯ ಕೆಸರಿನಲ್ಲಿ ಗುಲಾಬಿ ಹಿಂಡು. ಬೆಳಗಿನ ಬಿಸಿಲು ಧಾರಾಳ. ಕೊಕ್ಕು ಕೆಸರಿಗಿಟ್ಟು ಮೇಯುವ ಹಕ್ಕಿಗೆ ಸೆಕೆಂಡಿಗೆ 20 ಚಿತ್ರ ಬೇಕಿಲ್ಲ. ಇಲ್ಲಿ ನಿರ್ಣಾಯಕವಾದದ್ದು ಉದ್ದನೆಯ ಲೆನ್ಸು, ಅದಕ್ಕಿಂತಲೂ ಉಬ್ಬರವಿಳಿತದ ವೇಳಾಪಟ್ಟಿ. ಇಳಿತದಲ್ಲಿ ಕೆಸರು ತೆರೆದುಕೊಂಡು ಹಕ್ಕಿಗಳು ದೂರದೂರ ಹರಡುತ್ತವೆ. ಉಬ್ಬರ ಏರುತ್ತ ಬಂದಂತೆ ದಡದ ಕಡೆಗೆ ಸರಿಯುತ್ತವೆ. ಆ ಪಟ್ಟಿ ಪುಕ್ಕಟೆ ಸಿಗುತ್ತದೆ. ಅಣ್ಣನನ್ನು ಕೊಂಡು ಇಳಿತದಲ್ಲಿ ಹೋದವನಿಗಿಂತ ಹತ್ತು ವರ್ಷ ಹಳೆಯ ತಮ್ಮನನ್ನು ಹಿಡಿದು ಉಬ್ಬರದಲ್ಲಿ ಹೋದವನ ಚಿತ್ರ ಚೆನ್ನಾಗಿರುತ್ತದೆ.

ಇನ್ನೊಂದು ಸ್ಥಳೀಯ ಮಾತು ತೂಕದ್ದು. ಝಡ್9 ಬ್ಯಾಟರಿ ಸೇರಿ 1,340 ಗ್ರಾಂ, ಝಡ್8 910 ಗ್ರಾಂ. 430 ಗ್ರಾಂ ಕಾಗದದ ಮೇಲೆ ಏನೂ ಅಲ್ಲ. ಬೆಳಿಗ್ಗೆ ಎಂಟರ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತುವವರು, ಚೀಲವನ್ನು ಎದೆಗೆ ಅವುಚಿಕೊಂಡು ನಿಲ್ಲುವವರು ಅದನ್ನು ಅಳೆಯುವ ರೀತಿಯೇ ಬೇರೆ. ಮನೆಯಲ್ಲಿ ಬಿಟ್ಟು ಹೋಗುವ ಕ್ಯಾಮೆರಾದಿಂದ ಚಿತ್ರ ಬರುವುದಿಲ್ಲ. ಜೊತೆಗೆ ನಮ್ಮ ಮಳೆಗಾಲದ ತೇವ ಲೆನ್ಸಿನಲ್ಲಿ ಬೂಷ್ಟು ಬೆಳೆಸುತ್ತದೆ, ಅಣ್ಣ-ತಮ್ಮ ಎಂಬ ಭೇದ ಅದಕ್ಕಿಲ್ಲ. ತೇವ ಹೀರುವ ಡಬ್ಬಿಯೋ ಪೆಟ್ಟಿಗೆಯೋ ಕೊಳ್ಳಲು ಒಂದಷ್ಟು ದುಡ್ಡು ಉಳಿದಿರಲಿ.

ಜಾಡು ಹೇಳುವುದು

ಹಾಗಾದರೆ ಅಣ್ಣನನ್ನು ಯಾರು ಕೊಳ್ಳಬೇಕು? ಒಂದು ದಿನ ಕೆಲಸ ನಿಂತರೆ ಎರಡು ಬಾಡಿಗಳ ಬೆಲೆಯ ವ್ಯತ್ಯಾಸಕ್ಕಿಂತ ಹೆಚ್ಚು ಕಳೆದುಕೊಳ್ಳುವವರು ಕೊಳ್ಳಬೇಕು. ಕ್ರೀಡಾಂಗಣದ ಏಜೆನ್ಸಿಯವರು, ವಾರಗಟ್ಟಲೆ ಕಾಡಿನಲ್ಲಿ ಉಳಿಯುವವರು ಅಂಥವರು. ದುಡ್ಡು ಭಾರವಲ್ಲದೆ ಕೈಗೆ ಆ ತೂಕವೇ ಹಿತವೆನಿಸುವ ಹವ್ಯಾಸಿ ಕೊಂಡರೂ ತಪ್ಪಿಲ್ಲ. ಆಸೆಗೂ ಒಂದು ಜಾಗವಿದೆ. ಆದರೆ ಅದು ಆಸೆ ಎಂದು ಅವನಿಗೆ ಗೊತ್ತಿರಬೇಕು.

ಉಳಿದವರಿಗೆ ಇತಿಹಾಸ ಕೊಡುವ ಸಲಹೆ ಸರಳ. ಅಣ್ಣ ಬಂದಾಗ ಒಂದೆರಡು ವರ್ಷ ಕಾಯಿರಿ, ತಮ್ಮ ಬರುತ್ತಾನೆ. ಬಾರದೆ ಹೋದರೆ, 2012ರ ಹಾಗೆ, ಹಿಂದಿನ ತಲೆಮಾರಿನ ತಮ್ಮ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತಾನೆ. ಯಾಂತ್ರಿಕ ಶಟರಿದ್ದರೆ ಎಷ್ಟು ಹೊಡೆತ ಮುಗಿದಿದೆ ಎಂದು ನೋಡಿ ಕೊಳ್ಳಿ. ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಮೆಕರಿಯವರ ಆ ಚಿತ್ರಕ್ಕೆ ಬಳಕೆಯಾದ 105 ಮಿಲಿಮೀಟರಿನ ಲೆನ್ಸಿನಂಥದು ಇಂದಿಗೂ ಕೆಲಸ ಮಾಡುತ್ತದೆ.

ಬೋರಾ ಬಜಾರಿನ ಹಳೆಯ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಎಫ್3, ಎಫ್ಎಂ2ಗಳಂಥ ಬಾಡಿಗಳು ಕಂಡರೆ ನಿಂತು ನೋಡಿ. ಒಂದು ಕಾಲದಲ್ಲಿ ಅವುಗಳ ನಡುವಿನ ಬೆಲೆಯ ಅಂತರಕ್ಕಾಗಿ ಯಾರೋ ನಿದ್ದೆಗೆಟ್ಟಿರಬೇಕು. ಈಗ ಅವು ಒಂದೇ ಧೂಳನ್ನು ಹಂಚಿಕೊಂಡು ಪಕ್ಕಪಕ್ಕ ಕುಳಿತಿರುತ್ತವೆ. ಅವು ತೆಗೆದ ಮದುವೆಗಳ ಆಲ್ಬಮ್ಮುಗಳು ಮಾತ್ರ ಎಲ್ಲೋ ಯಾರದೋ ಟ್ರಂಕಿನಲ್ಲಿ ಜೋಪಾನವಾಗಿವೆ.